ಯಕೃತ್ತಿನ ಕೊಬ್ಬೂ ಹೃದಯದ ಆರೋಗ್ಯವೂ

ಉದರದ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಕಂದುಬಣ್ಣದ ಅಂಗವೊಂದಿದೆ. ಇದೇ ಯಕೃತ್ತು, ಆಡುಮಾತಿನಲ್ಲಿ ಈಲಿ. ಇದರ ಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವು ಕೊಬ್ಬಿನ ಹನಿಗಳನ್ನು ತುಂಬಿಕೊಂಡರೆ ಆ ಸ್ಥಿತಿಗೆ ವೈದ್ಯರು ‘ಫ್ಯಾಟಿ ಲಿವರ್’ ಎನ್ನುತ್ತಾರೆ. ಇದು ಮದ್ಯಪಾನದ ಫಲವೆಂದೇ ಬಹುಕಾಲ ಭಾವಿಸಲಾಗಿತ್ತು. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಯುರ್ಗೆನ್ ಲುಡ್ವಿಗ್ ಮತ್ತು ಸಂಗಡಿಗರು, ಕುಡಿತದ ಚಟವಿಲ್ಲದ 20 ರೋಗಿಗಳಲ್ಲಿಯೂ ಇಂಥದೇ ಹಾನಿಯನ್ನು ಕಂಡು ವರ್ಣಿಸಿದರು.

ಸೋಜಿಗದ ಸಂಗತಿಯೆಂದರೆ, ಈ ರೋಗಿಗಳನ್ನು ಬಲಿತೆಗೆದುಕೊಳ್ಳುವುದರಲ್ಲಿ ಮೊದಲ ಸ್ಥಾನ ಯಕೃತ್ತಿನ ಬೇನೆಗಲ್ಲ, ಹೃದಯ ಮತ್ತು ರಕ್ತನಾಳಗಳ ರೋಗಕ್ಕೆ. ಯಕೃತ್ತಿನ ಕೊಬ್ಬಿಗೂ ದೂರದ ಹೃದಯಕ್ಕೂ ಎತ್ತಣ ನಂಟು?

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇದೊಂದು ಕೆರೆಯ ಲೆಕ್ಕದಂತೆ ತೋರುತ್ತದೆ. ಕಾಲುವೆಗಳಿಂದ ಬರುವುದೆಷ್ಟು, ತೂಬಿನಿಂದ ಹೋಗುವುದೆಷ್ಟು? 2005ರಲ್ಲಿ ಮಿನೆಸೋಟದ ವಿಜ್ಞಾನಿಗಳು ಸ್ಥಿರ ಐಸೋಟೋಪುಗಳಿಂದ ಗುರುತುಹಾಕಿ, ಒಂಬತ್ತು ರೋಗಿಗಳಲ್ಲಿ ಈ ಲೆಕ್ಕವನ್ನು ತೆಗೆದರು. ಯಕೃತ್ತಿನ ಕೊಬ್ಬಿನಲ್ಲಿ ಶೇಕಡ 59 ಭಾಗವು ರಕ್ತದಲ್ಲಿ ಸಂಚರಿಸುವ ಮೇದಾಮ್ಲಗಳಿಂದ, ಎಂದರೆ ಬಹುಮಟ್ಟಿಗೆ ಮೈಯಲ್ಲಿ ಮೊದಲೇ ಸಂಗ್ರಹವಾಗಿದ್ದ ಕೊಬ್ಬಿನಿಂದ ಬಂದಿತ್ತು. 26 ಭಾಗವನ್ನು ಯಕೃತ್ತು ಮುಖ್ಯವಾಗಿ ಸಕ್ಕರೆ ಪಿಷ್ಟಗಳಿಂದ ತಾನೇ ತಯಾರಿಸಿಕೊಂಡಿತ್ತು. ಉಂಡ ಕೊಬ್ಬಿನಿಂದ ಬಂದುದು 15 ಭಾಗ ಮಾತ್ರ. ತುಪ್ಪವನ್ನು ದೂರವಿಟ್ಟು ಸಿಹಿಪಾನೀಯಗಳನ್ನು ಧಾರಾಳವಾಗಿ ಕುಡಿಯುವವರು ಈ ಅಂಕಿಗಳನ್ನು ಗಮನಿಸತಕ್ಕದ್ದು.

ಇನ್ನು ತೂಬಿನ ವಿಚಾರ. ಕೊಬ್ಬು ನೀರಿನಲ್ಲಿ ಕರಗದು. ಆದುದರಿಂದ ಯಕೃತ್ತು ಅದನ್ನು ಪ್ರೋಟೀನು ಸೇರಿದ ಸಣ್ಣ ಪೊಟ್ಟಣಗಳಾಗಿ ಕಟ್ಟಿ ರಕ್ತಕ್ಕೆ ಬಿಡುತ್ತದೆ. ಕೆರೆ ತುಂಬಿದಾಗ ಪೊಟ್ಟಣಗಳೂ ಹೆಚ್ಚುತ್ತವೆ. ದಾರಿಯುದ್ದಕ್ಕೂ ಹೊರೆಯಿಳಿಸುತ್ತ ಹೋಗುವ ಇವು ಕಡೆಗೆ ಕೊಲೆಸ್ಟೆರಾಲ್ ಹೊತ್ತ ಚಿಕ್ಕ ಕಣಗಳಾಗಿ ಉಳಿದು, ಹೃದಯವನ್ನು ಪೋಷಿಸುವ ಧಮನಿಗಳ ಗೋಡೆಯೊಳಕ್ಕೆ ನುಸುಳಿ, ನಾಳವನ್ನು ಇಕ್ಕಟ್ಟುಗೊಳಿಸುತ್ತವೆ.

ಆದರೆ ಸ್ಥೂಲಕಾಯ, ಮಧುಮೇಹ ಇವೇ ಎರಡು ರೋಗಗಳಿಗೂ ಮೂಲವಾಗಿರಬಾರದೇಕೆ ಎಂದು ಜಾಣ ವಿದ್ಯಾರ್ಥಿಯು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರದ ಒಂದಂಶವು ಅಮೆರಿಕದ ಡಲ್ಲಾಸ್ ನಗರದಿಂದ ಬಂದಿತು. ಅಲ್ಲಿನ ಸಂಶೋಧಕರು ಸಾವಿರಾರು ನಾಗರಿಕರ ಯಕೃತ್ತಿನ ಕೊಬ್ಬನ್ನು ಸೂಜಿ ಚುಚ್ಚದೆ, ಕಾಂತೀಯ ಅನುರಣನದಿಂದ ಅಳೆದರು. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಪ್ರೋಟಾನುಗಳು ಸೆಕೆಂಡಿಗೆ ಸುಮಾರು 6.4 ಕೋಟಿ ಆವೃತ್ತಿಗಳಲ್ಲಿ ಅನುರಣಿಸುತ್ತವೆ; ಕೊಬ್ಬಿನ ಪ್ರೋಟಾನುಗಳು ನೀರಿನವುಗಳಿಗಿಂತ ಕೇವಲ 220ರಷ್ಟು ಕಡಿಮೆ. ಇಷ್ಟು ಅಲ್ಪವಾದ ಅಂತರದಿಂದಲೇ ಎರಡರ ಪ್ರಮಾಣವೂ ಬೇರ್ಪಟ್ಟು ಕಾಣುತ್ತದೆ! 2014ರಲ್ಲಿ ಅವರು, ಟಿಎಂ6ಎಸ್‌ಎಫ್2 ಎಂಬ ತೊಡಕು ಹೆಸರಿನ ಜೀನಿನಲ್ಲಿ ಒಂದು ವ್ಯತ್ಯಾಸವಿದ್ದವರ ಯಕೃತ್ತಿನಲ್ಲಿ ಕೊಬ್ಬು ಹೆಚ್ಚೆಂದು ಕಂಡರು. ಈ ಜನರಲ್ಲಿ ತೂಬು ಅರ್ಧ ಮುಚ್ಚಿದಂತಿದೆ. ಅದೇ ವರ್ಷ ನಾರ್ವೆಯ ಸಂಶೋಧಕರು ಅದೇ ವ್ಯತ್ಯಾಸವುಳ್ಳವರಲ್ಲಿ ರಕ್ತದ ಕೊಲೆಸ್ಟೆರಾಲೂ ಹೃದಯಾಘಾತವೂ ಕಡಿಮೆಯೆಂದು ತೋರಿಸಿದರು. ಹೃದಯಕ್ಕೆ ಕೇಡು, ಯಕೃತ್ತಿನಲ್ಲಿ ನಿಂತ ಕೊಬ್ಬಿಗಿಂತ ಹೆಚ್ಚಾಗಿ ಅಲ್ಲಿಂದ ಹೊರಟ ಕೊಬ್ಬಿನಿಂದಲೇ ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆಯನ್ನು ನಾವು ಅರಿಯೆವು.

ಹಾಗಾದರೆ ತೂಬನ್ನೇ ಮುಚ್ಚಬಹುದಲ್ಲ? ಅದೂ ಆಗಿದೆ. 2012ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಲೋಮಿಟಪೈಡ್ ಎಂಬ ಔಷಧವು ಪೊಟ್ಟಣ ಕಟ್ಟುವ ಕೆಲಸವನ್ನೇ ತಡೆಯುತ್ತದೆ. ರಕ್ತದ ಕೊಲೆಸ್ಟೆರಾಲ್ ಇಳಿಯುತ್ತದೆ, ಯಕೃತ್ತಿನಲ್ಲಿ ಕೊಬ್ಬು ಏರುತ್ತದೆ. ಆದುದರಿಂದ ಹುಟ್ಟಿನಿಂದಲೇ ಕೊಲೆಸ್ಟೆರಾಲ್ ವಿಪರೀತವಾಗಿರುವ ವಿರಳ ರೋಗಿಗಳಿಗೆ ಮಾತ್ರ ಅದನ್ನು ಕೊಡುತ್ತಾರೆ.

ಉಳಿದವರು ಕಾಲುವೆಗಳತ್ತ ನೋಡಬೇಕು. ಯಕೃತ್ತು ಸಾಮಾನ್ಯವಾಗಿ ನೋವಿನಿಂದ ಎಚ್ಚರಿಸುವುದಿಲ್ಲ. ಮೇಲುನೋಟಕ್ಕೆ ತೆಳ್ಳಗಿರುವವರಲ್ಲಿಯೂ ಈ ರೋಗವುಂಟು. ದರ್ಜಿಯ ಟೇಪೊಂದು ಮೊದಲ ಪರೀಕ್ಷೆಗೆ ಸಾಕು: ಹೊಟ್ಟೆಯ ಸುತ್ತಳತೆ ಭಾರತೀಯ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರು ಮೀರಿದರೆ ವೈದ್ಯರನ್ನು ಕಾಣುವುದು ಲೇಸು. ತೂಕ ಹೆಚ್ಚಿರುವವರು ಅದರಲ್ಲಿ ಶೇಕಡ 7ರಿಂದ 10ರಷ್ಟನ್ನು, ಎಂದರೆ 80 ಕಿಲೋಗ್ರಾಂ ತೂಗುವವರು ಆರರಿಂದ ಎಂಟು ಕಿಲೋಗ್ರಾಮನ್ನು, ಕ್ರಮವಾಗಿ ಇಳಿಸಿಕೊಂಡರೆ ಯಕೃತ್ತಿನ ಕೊಬ್ಬು ಕರಗುವುದಲ್ಲದೆ, ಅನೇಕರಲ್ಲಿ ಅದರ ಉರಿಯೂತವೂ ಶಮನವಾಗುತ್ತದೆ.