ಪಾಠದ ಗುರಿ ಮತ್ತು ಪರದೆ: ಅಲಂಪುರ ಸೀಮೆಯ ತರಗತಿಗಳು

ಬಿ.ಎಡ್. ಪ್ರಶಿಕ್ಷಣಾರ್ಥಿ ಬರೆಯುವ ಪಾಠಯೋಜನೆಯಲ್ಲಿ ಬೋಧನೋಪಕರಣಗಳಿಗೆ ಒಂದು ಅಂಕಣ ಮೀಸಲಿರುತ್ತದೆ. ನಕಾಶೆ, ಚಾರ್ಟು, ಮಣ್ಣಿನ ಮಾದರಿಗಳಿದ್ದ ಆ ಜಾಗಕ್ಕೆ ಈಗ ಡಿಜಿಟಲ್ ಫಲಕ, ವಿಡಿಯೊ, ಕ್ಯೂಆರ್ ಕೋಡ್ ಬಂದಿವೆ. ಅದೇ ಯೋಜನೆಯಲ್ಲಿ, ಈ ಅಂಕಣಕ್ಕಿಂತ ಮೇಲೆ, ಕಲಿಕಾ ಫಲದ ಅಂಕಣವಿದೆ: ಪಿರಿಯಡ್ ಮುಗಿದಾಗ ಮಗು ಏನು ಮಾಡಬಲ್ಲದು? ಮೇಲಿನದನ್ನು ತುಂಬದೆ ಕೆಳಗಿನದನ್ನು ತುಂಬುವ ಅವಸರ ಹೊಸಬರಲ್ಲಿ ಸಾಮಾನ್ಯ. ಎರಡು ವರ್ಷದ ಬಿ.ಎಡ್. ವ್ಯಾಸಂಗದಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕೆಂಬ ನಿಯಮದ ದೊಡ್ಡ ಪ್ರಯೋಜನ, ಈ ಅವಸರ ಅಷ್ಟರಲ್ಲಿ ಇಳಿಯುತ್ತದೆ ಎಂಬುದೇ ಇರಬೇಕು.

ಕೃಷ್ಣಾ ಮತ್ತು ತುಂಗಭದ್ರೆಯ ನಡುವಣ ಈ ಸೀಮೆಗೆ ತರಗತಿಯ ಪರದೆ ಹೊಸದೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ಆಂಧ್ರದ ಕಡೆ ಆಯ್ಕೆಯಾದ ಜಿಲ್ಲೆಗಳಲ್ಲಿ ಮೆಹಬೂಬ್‌ನಗರವೂ ಒಂದು. ಇಂದಿನ ನಾರಾಯಣಪೇಟೆ, ಮಕ್ತಲ್, ಗದ್ವಾಲ, ಅಲಂಪುರ ಆಗ ಆ ಜಿಲ್ಲೆಯೊಳಗಿದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಒಂದೇ ಚಿತ್ರದೊಡನೆ ಎರಡು ಧ್ವನಿವಾಹಿನಿ ಕಳಿಸುವ ಸೌಲಭ್ಯವೂ ಆ ಉಪಗ್ರಹದಲ್ಲಿತ್ತು. ಪ್ರಯೋಗ ನಡೆಸಿದವರಿಗೆ ಒಂದು ಸಂಗತಿ ಬೇಗ ಹೊಳೆದಿರಬೇಕು: ಪೆಟ್ಟಿಗೆ ಕೊಟ್ಟರೆ ಸಾಲದು. ಪ್ರಾಥಮಿಕ ಶಾಲೆಯ ಶಿಕ್ಷಕರಿಗಾಗಿಯೇ 12 ದಿನಗಳ ವಿಜ್ಞಾನ ತರಬೇತಿಯನ್ನೂ ಅದರೊಳಗೆ ಸೇರಿಸಿದ್ದರು.

ಈಗಿನ ಪರದೆ ಬೇರೆ ದಾರಿಯಿಂದ ಬಂದಿದೆ. ತೆಲಂಗಾಣ ಸರ್ಕಾರ 2022ರ ಮಾರ್ಚ್‌ನಲ್ಲಿ ಪಕ್ಕದ ವನಪರ್ತಿಯಲ್ಲಿ ಆರಂಭಿಸಿದ ‘ಮನ ಊರು – ಮನ ಬಡಿ’ ಯೋಜನೆಯಲ್ಲಿ ಕುಡಿಯುವ ನೀರು, ಶೌಚಾಲಯಗಳ ಜೊತೆಗೆ ಡಿಜಿಟಲ್ ತರಗತಿಯೂ ಇತ್ತು. ಆಮೇಲೆ ಪ್ರೌಢಶಾಲೆಗಳಿಗೆ ಬೆರಳಿನಿಂದ ಬರೆಯಬಹುದಾದ ದೊಡ್ಡ ಫಲಕಗಳು ಬಂದವು. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ಪಾಠಗಳು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮೂಲಕ ಸಿಗುತ್ತವೆ. ಸಾಮಗ್ರಿಗೆ ಬರವಿಲ್ಲ, ಆರಿಸುವುದೇ ಕಷ್ಟ.

ಅಲಂಪುರದ ಚರಿತ್ರೆ ಪಾಠವನ್ನೇ ತೆಗೆದುಕೊಳ್ಳಬಹುದು. ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳು ಊರಿನಲ್ಲೇ ಇವೆ. ಹೆಸರಿನಲ್ಲಿ ಬ್ರಹ್ಮನಿದ್ದರೂ ಒಂಬತ್ತೂ ಶಿವನ ಗುಡಿಗಳು. ಅಲ್ಲಿನ ಶಾಲೆಯಲ್ಲಿ ಪ್ರಶಿಕ್ಷಣಾರ್ಥಿ ಸ್ವರ್ಗಬ್ರಹ್ಮ ಗುಡಿಯ ಚಿತ್ರವನ್ನು ಫಲಕದ ಮೇಲೆ ತೋರಿಸಿ ಪಾಠ ಮುಗಿಸಿದರೆ ಅದಕ್ಕಿಂತ ದೊಡ್ಡ ದುಂದು ಇಲ್ಲ. ಮಕ್ಕಳು ನಡೆದುಹೋಗಿ ಮುಟ್ಟಬಹುದಾದ ಕಲ್ಲು ಅದು. ‘ಚಾಲುಕ್ಯ ಶಿಲ್ಪದ ಪರಿಚಯ’ ಎಂದು ಗುರಿ ಬರೆದಾಗ ಇಂಥ ಪಾಠ ಹುಟ್ಟುತ್ತದೆ, ಏಕೆಂದರೆ ಪರಿಚಯ ಆಯಿತೋ ಇಲ್ಲವೋ ಎಂದು ಅಳೆಯಲು ಬರುವುದಿಲ್ಲ. ‘ಎರಡು ಶಿಖರಗಳನ್ನು ನೋಡಿ ನಾಗರ ಯಾವುದು, ದ್ರಾವಿಡ ಯಾವುದು ಎಂದು ಗುರುತಿಸಿ ಕಾರಣ ಹೇಳುವುದು’ ಎಂದು ಬರೆದರೆ ಎಲ್ಲವೂ ಬದಲಾಗುತ್ತದೆ. ಬಾಗಿ ಏರುವ ನಾಗರ ಶಿಖರ ಅಲಂಪುರದಲ್ಲೇ ಇದೆ; ಅದನ್ನು ಮಕ್ಕಳು ಎದುರು ನಿಂತು ಹಾಳೆಯ ಮೇಲೆ ಬಿಡಿಸಲಿ. ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ವಿಮಾನಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ಬೇಕು. ಅದು ಇನ್ನೂರು ಕಿಲೋಮೀಟರಿಗೂ ಆಚೆ ಇದೆ. ಇಲ್ಲಿ ಫಲಕಕ್ಕೆ ಕೆಲಸ ಬಂತು. ವಿರೂಪಾಕ್ಷದ ಪಕ್ಕದಲ್ಲಿ ಪಟ್ಟದಕಲ್ಲಿನದೇ ಆದ ಗಳಗನಾಥದ ಚಿತ್ರವಿಟ್ಟು, ‘ನಿಮ್ಮೂರ ಗುಡಿಗೆ ಯಾವುದು ಹತ್ತಿರ?’ ಎಂದು ಕೇಳಿದರೆ, ಮಕ್ಕಳ ಕೈಯಲ್ಲಿರುವ ಹಾಳೆಯೇ ಉತ್ತರಕ್ಕೆ ಆಧಾರವಾಗುತ್ತದೆ.

ಅದೇ ಊರಿನಲ್ಲಿ ಇನ್ನೊಂದು ಪಾಠವೂ ಇದೆ. ಶ್ರೀಶೈಲ ಜಲಾಶಯದ ಹಿನ್ನೀರಿಗೆ ಸಿಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯನ್ನು ಬಿಚ್ಚಿ ತಂದು ಅಲಂಪುರದಲ್ಲಿ ಮತ್ತೆ ಕಟ್ಟಲಾಗಿದೆ. ನೀರು ಎಲ್ಲಿಯವರೆಗೆ ಬಂತೆಂಬುದನ್ನು ಉಪಗ್ರಹ ನಕಾಶೆ ತೋರಿಸಬಲ್ಲದು. ಮುಳುಗಿದ ಊರು ಹೇಗಿತ್ತೆಂದು ಹೇಳಬಲ್ಲವರು ಮನೆಯ ಹಿರಿಯರು. ಮಕ್ಕಳು ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿ ತರಗತಿಗೆ ತಂದರೆ ಅದೂ ತಂತ್ರಜ್ಞಾನದ ಬಳಕೆಯೇ, ಖರ್ಚೂ ಕಡಿಮೆ.

ವಿಜ್ಞಾನದಲ್ಲಿ ಪರದೆಯ ಹಕ್ಕು ಹೆಚ್ಚು, ಏಕೆಂದರೆ ಕಣ್ಣಿಗೆ ಬೀಳದ ಸಂಗತಿಗಳು ಅಲ್ಲಿ ಹೆಚ್ಚು. ಗದ್ವಾಲ ಕಡೆಯ ಮಕ್ಕಳು ಜೂರಾಲ ಅಣೆಕಟ್ಟಿನ ಗೇಟುಗಳನ್ನು ಬಲ್ಲರು. 39 ಮೆಗಾವಾಟ್‌ನ ಆರು ಯಂತ್ರಗಳ ಒಳಗೆ ಏನು ತಿರುಗುತ್ತದೆ ಎಂಬುದು ಅವರಿಗೆ ಕಾಣದು. ಆದರೂ ಮೊದಲು ತಾಮ್ರದ ತಂತಿಯ ಸುರುಳಿ, ಅಯಸ್ಕಾಂತ, ಗ್ಯಾಲ್ವನೋಮೀಟರ್ ಮಕ್ಕಳ ಕೈಗೆ ಬರಬೇಕು. ಅಯಸ್ಕಾಂತ ಸರಿದಾಗ ಮುಳ್ಳು ಅಲುಗುವುದನ್ನು ಅವರೇ ನೋಡಬೇಕು. ಆಮೇಲೆ ಜನರೇಟರಿನ ಅನಿಮೇಷನ್ ಹಾಕಿ ನಡುವೆ ನಿಲ್ಲಿಸಿ, ‘ಸುರುಳಿ ಇನ್ನರ್ಧ ಸುತ್ತು ತಿರುಗಿದರೆ ವಿದ್ಯುತ್ತಿನ ದಿಕ್ಕು ಏನಾಗುತ್ತದೆ?’ ಎಂದು ಕೇಳಿ, ಉತ್ತರ ಬರೆಸಿ, ಮುಂದಕ್ಕೆ ಓಡಿಸಬೇಕು. ನಿಲ್ಲಿಸದೆ ಓಡಿದ ವಿಡಿಯೊ ಸಿನಿಮಾ ಟ್ರೇಲರಿನಂತೆ. ಚೆನ್ನಾಗಿತ್ತು ಎನ್ನಿಸುತ್ತದೆ, ಕತೆ ಏನೆಂದು ಕೇಳಿದರೆ ತಡವರಿಸುವಂತಾಗುತ್ತದೆ.

ಮಕ್ತಲ್ ಭಾಗದ ಕೃಷ್ಣಾ ಮಂಡಲದಲ್ಲಿ ಭಾಷೆಯ ಪ್ರಶ್ನೆ ಎದುರಾಗುತ್ತದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಹೊಳೆ ದಾಟಿದರೆ ರಾಯಚೂರು. ದೀಕ್ಷಾದಲ್ಲಿ ಕರ್ನಾಟಕದ ಕನ್ನಡ ಪಾಠಗಳಿವೆ, ಆದರೆ ಅವು ಬೇರೆ ರಾಜ್ಯದ ಪಠ್ಯಕ್ರಮಕ್ಕಾಗಿ ತಯಾರಾದವು. ಅಧ್ಯಾಯದ ಕ್ರಮ ಕೂಡಿಬರುತ್ತದೆಂಬ ಭರವಸೆಯಿಲ್ಲ. ತೆಲುಗು ಅಥವಾ ಇಂಗ್ಲಿಷ್ ವಿಡಿಯೊವನ್ನು ಧ್ವನಿ ತೆಗೆದು ಓಡಿಸಿ, ಶಿಕ್ಷಕರೇ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ವಿವರಿಸುವುದು ಸುಲಭದ ದಾರಿ. ಇದಕ್ಕೂ ಮುಂಚಿತವಾಗಿ ವಿಡಿಯೊ ನೋಡಿಟ್ಟುಕೊಂಡಿರಬೇಕು.

ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಮಂಡಿಸಿದ ಚೌಕಟ್ಟು ಬಿ.ಎಡ್. ತರಗತಿಗಳಲ್ಲಿ ಈಗ ಪರಿಚಿತ: ವಿಷಯಜ್ಞಾನ, ಬೋಧನಾಕ್ರಮ, ತಂತ್ರಜ್ಞಾನ ಮೂರೂ ಒಂದರೊಳಗೊಂದು ಹೆಣೆದುಕೊಂಡಿರಬೇಕು ಎಂಬುದು ಅದರ ತಿರುಳು. ಪರೀಕ್ಷೆಗೆ ಮೂರು ವೃತ್ತಗಳ ಆ ಚಿತ್ರ ಬರೆಯುವುದು ಸುಲಭ. ಇಂಟರ್ನ್‌ಷಿಪ್ ದಿನಚರಿಯಲ್ಲಿ ಅದು ಪರೀಕ್ಷೆಗೆ ಒಳಗಾಗುತ್ತದೆ. ‘ಮಕ್ಕಳು ಆಸಕ್ತಿಯಿಂದ ನೋಡಿದರು’ ಎಂದು ಬರೆದರೆ ಮೇಲ್ವಿಚಾರಕರಿಗೆ ಏನೂ ತಿಳಿಯದು. ಹೊರಡುವ ಮುನ್ನ ಮಕ್ಕಳು ಚೀಟಿಯಲ್ಲಿ ಬರೆದುಕೊಟ್ಟ ಒಂದೊಂದು ಉತ್ತರ, ಅವುಗಳಲ್ಲಿ ಮತ್ತೆ ಮತ್ತೆ ಬಂದ ತಪ್ಪು, ನಾಳೆಯ ಪಾಠದಲ್ಲಿ ಅದಕ್ಕೆಂದು ಮಾಡುವ ಬದಲಾವಣೆ, ಇವು ದಿನಚರಿಗೆ ಬರಬೇಕಾದವು. ಕರೆಂಟು ಹೋದ ದಿನ ಅದೇ ಗುರಿಯನ್ನು ಕರಿಹಲಗೆಯ ಮೇಲೆ ಹೇಗೆ ಮುಟ್ಟಿಸಲಾಯಿತು ಎಂಬುದೂ ಅಲ್ಲಿರಬೇಕು.