ಕಪ್ಪುಕುಳಿಗಳ ಜಾಡಿನಲ್ಲಿ ಮಂಗಳೂರಿನ ಪ್ರಜ್ವಲ್ ಶಾಸ್ತ್ರಿ

ಹುಮನಾಬಾದ್: ಮೇ ತಿಂಗಳ ಕೊನೆಯಲ್ಲಿ ಮೋಡವಿಲ್ಲದ ನಡುರಾತ್ರಿ ಕಳೆದ ಮೇಲೆ ಹುಮನಾಬಾದಿನ ಹೊಲಗಳಿಂದ ದಕ್ಷಿಣಕ್ಕೆ ನೋಡಿದರೆ ಧನು ರಾಶಿಯ ನಕ್ಷತ್ರಗಳು ಕಾಣುತ್ತವೆ. ಅದೇ ದಿಕ್ಕಿನಲ್ಲಿ ಸುಮಾರು 27 ಸಾವಿರ ಜ್ಯೋತಿರ್ವರ್ಷಗಳಾಚೆ, ಕ್ಷೀರಪಥದ ನಡುವೆ, 40 ಲಕ್ಷಕ್ಕೂ ಹೆಚ್ಚು ಸೂರ್ಯರಷ್ಟು ದ್ರವ್ಯರಾಶಿಯ ಕಪ್ಪುಕುಳಿಯೊಂದಿದೆ. ಬೆಳಕನ್ನೂ ಹೊರಬಿಡದ ಇಂತಹ ಕಾಯವನ್ನು ಅಭ್ಯಸಿಸುವುದಾದರೂ ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಮಂಗಳೂರಿನಲ್ಲಿ ಬೆಳೆದ ಖಭೌತ ವಿಜ್ಞಾನಿ ಡಾ. ಪ್ರಜ್ವಲ್ ಶಾಸ್ತ್ರಿ ಒಬ್ಬರು.

ಮುಂಬೈ ಐಐಟಿಯಲ್ಲಿ ಸ್ನಾತಕೋತ್ತರ ಪದವಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಅವರು, ಅಮೆರಿಕದಲ್ಲಿ ಸಂಶೋಧನೆ ನಡೆಸಿ, ಬಳಿಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು.

ನಮ್ಮ ಕ್ಷೀರಪಥದ ಕಪ್ಪುಕುಳಿ ಶಾಂತ ಸ್ವಭಾವದ್ದು. ಎಲ್ಲವೂ ಹಾಗಿಲ್ಲ. ಕೆಲವು ಗೆಲಾಕ್ಸಿಗಳ ನಡುವೆ ಅನಿಲವು ಸುರುಳಿಯಾಗಿ ಕಪ್ಪುಕುಳಿಯತ್ತ ಧಾವಿಸುತ್ತ ತಟ್ಟೆಯಂತೆ ಹರಡಿ, ವಿಪರೀತ ಕಾದು ಪ್ರಜ್ವಲಿಸುತ್ತದೆ. ಒಂದಿಷ್ಟು ದ್ರವ್ಯ ಚಿಲುಮೆಯಾಗಿ ಹೊರಚಿಮ್ಮಿ ರೇಡಿಯೊ ಅಲೆಗಳನ್ನು ಸೂಸುತ್ತದೆ. ಇವೇ ಸಕ್ರಿಯ ಗೆಲಾಕ್ಸಿಗಳು. ರೇಡಿಯೊ ಅಲೆಯಿಂದ ಕ್ಷ-ಕಿರಣದವರೆಗೆ ಬೇರೆಬೇರೆ ತರಂಗಗಳಲ್ಲಿ ಇವನ್ನು ಪರಿಶೀಲಿಸುವುದು ಪ್ರಜ್ವಲ್ ಅವರ ಕ್ಷೇತ್ರ.

ಇವುಗಳಲ್ಲಿ ಸೇಫರ್ಟ್ ಗೆಲಾಕ್ಸಿಗಳೆಂಬ ವರ್ಗವಿದ್ದು, ಅದರಲ್ಲಿ ಎರಡು ಬಗೆ. ಅವು ನಿಜಕ್ಕೂ ಭಿನ್ನವೋ, ಅಥವಾ ಒಂದೇ ಬಗೆಯ ಕಾಯವನ್ನು ನಾವು ಎರಡು ಕೋನಗಳಿಂದ ನೋಡುತ್ತಿದ್ದೇವೆಯೋ ಎಂಬುದು ಹಳೆಯ ವಾದ. ಎರಡನೆಯ ಬಗೆಯಲ್ಲಿ ದೂಳಿನ ಉಂಗುರವೊಂದು ನಡುವಿನ ಬೆಳಕನ್ನು ಮರೆಮಾಡುತ್ತದೆ ಎಂಬುದು ಊಹೆ. ದೂಳು ಬೆಳಕನ್ನು ತಡೆದೀತು, ರೇಡಿಯೊ ಅಲೆಯನ್ನಲ್ಲ. ಆದ್ದರಿಂದ ಊಹೆ ಸರಿಯಾದರೆ ರೇಡಿಯೊದಲ್ಲಿ ಎರಡೂ ಒಂದೇ ತೆರನಾಗಿ ತೋರಬೇಕು. ಪ್ರಜ್ವಲ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರದೂರದ ದೂರದರ್ಶಕಗಳನ್ನು ಜೋಡಿಸಿ ಪಡೆದ ಸೂಕ್ಷ್ಮ ಚಿತ್ರಗಳು ಬಹುಮಟ್ಟಿಗೆ ಹಾಗೆಯೇ ಇದ್ದವು. ಬರಿಗಣ್ಣಿನ ಸಾಕ್ಷ್ಯ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಪ್ರಯೋಗಾಲಯದ ಹೊರಗೂ ಅವರದೊಂದು ಹೋರಾಟವಿದೆ. ಭೌತವಿಜ್ಞಾನದಲ್ಲಿ ಮಹಿಳೆಯರ ಸಂಖ್ಯೆ ಕಡಿಮೆಯಿರುವುದಕ್ಕೆ ಮನೆ-ಮಕ್ಕಳ ಹೊಣೆಯನ್ನೇ ಕಾರಣವಾಗಿ ಹೇಳುವುದು ರೂಢಿ. ಬದಲಾಗಬೇಕಾದದ್ದು ಮಹಿಳೆಯರಲ್ಲ, ಸಂಸ್ಥೆಗಳು ಎಂಬುದು ಪ್ರಜ್ವಲ್ ಅವರ ವಾದ. ಭಾರತೀಯ ಭೌತವಿಜ್ಞಾನ ಸಂಘದ ಲಿಂಗ ಸಮಾನತೆ ಕಾರ್ಯತಂಡದ ನೇತೃತ್ವವನ್ನೂ ಅವರು ವಹಿಸಿದ್ದರು. ಈ ತಂಡ 2019ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನಲ್ಲಿ ನಡೆಸಿದ ರಾಷ್ಟ್ರೀಯ ಸಮ್ಮೇಳನದಿಂದ 'ಹೈದರಾಬಾದ್ ಸನ್ನದು' ರೂಪುಗೊಂಡಿತು.

ಮರುವರ್ಷ, ಅಂದರೆ 2020ರಲ್ಲಿ, ಧನು ರಾಶಿಯ ಅದೇ ಕಪ್ಪುಕುಳಿಯ ಕುರಿತ ಶೋಧಕ್ಕಾಗಿ ಅಮೆರಿಕದ ಆಂಡ್ರಿಯಾ ಗೆಜ್ ನೊಬೆಲ್ ಹಂಚಿಕೊಂಡರು. 1901ರಿಂದ 2025ರವರೆಗೆ ಭೌತವಿಜ್ಞಾನದ ನೊಬೆಲ್ ಪಡೆದ ಮಹಿಳೆಯರು ಐವರು ಮಾತ್ರ.