ಕಾಯಿಲೆಯ ಹೆಸರು ಯಾರಿಂದ ಮುಚ್ಚಿಡಬೇಕು?

ನೆನಪಿನ ತೊಂದರೆಗಾಗಿ ಹಿರಿಯರನ್ನು ತಜ್ಞರ ಬಳಿ ಕರೆದೊಯ್ಯುವ ಕುಟುಂಬಗಳಲ್ಲಿ ಒಂದು ಕೋರಿಕೆ ಸಾಮಾನ್ಯ. ತಪಾಸಣೆ ಮುಗಿದ ಮೇಲೆ ಮಗನೋ ಮಗಳೋ ಹಿಂದೆ ಉಳಿದು, ‘ಡಾಕ್ಟ್ರೇ, ಅಪ್ಪನಿಗೆ ಮಾತ್ರ ಹೇಳಬೇಡಿ’ ಎನ್ನುತ್ತಾರೆ. ‘ವಯಸ್ಸಾಯಿತಲ್ಲ, ಸ್ವಲ್ಪ ಮರೆವು ಇದ್ದದ್ದೇ’ ಎಂಬ ಸಮಾಧಾನದೊಂದಿಗೆ ಹಿರಿಯರು ಮನೆಗೆ ಮರಳುತ್ತಾರೆ. ‘ಅರವತ್ತಕ್ಕೆ ಅರಳು ಮರಳು’ ಎಂದು ನಂಬಿರುವ ಸಮಾಜಕ್ಕೆ ಅಷ್ಟು ವಿವರಣೆ ಸಾಕೆನಿಸುತ್ತದೆ.

ಡಿಮೆನ್ಷಿಯಾ ವಯೋಸಹಜ ಮರೆವಲ್ಲ. ಅದಕ್ಕೆ ಬಹುಮುಖ್ಯ ಕಾರಣವಾದ ಮಿದುಳಿನ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲೇ ವಿವರಿಸಿದ್ದರು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ವರ್ಷ ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಇದಕ್ಕೆ ಒಳಗಾಗಿದ್ದಾರೆ.

ಹೇಳಬೇಡಿ ಎನ್ನುವವರ ಪ್ರೀತಿಯನ್ನು ಶಂಕಿಸಬೇಕಿಲ್ಲ. ವಾಸಿಯಾಗದ ಕಾಯಿಲೆಯ ಹೆಸರು ಕೇಳಿ ಹಿರಿಯರು ಎದೆಗುಂದಿಯಾರು ಎಂಬ ಅಳುಕು ಸಹಜವಾದುದೇ. ಆದರೆ 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಐರ್ಲೆಂಡ್‌ನ ಅಧ್ಯಯನವೊಂದು ಯೋಚನೆಗೆ ಹಚ್ಚುತ್ತದೆ. ಆಲ್ಝೈಮರ್ ರೋಗಿಗಳ 100 ಮಂದಿ ಬಂಧುಗಳಲ್ಲಿ 83 ಮಂದಿ ರೋಗಿಗೆ ವಿಷಯ ತಿಳಿಸಕೂಡದೆಂದರು. ತಮಗೇ ಆ ಕಾಯಿಲೆ ಬಂದರೆ? 71 ಮಂದಿ, ತಮಗೆ ತಿಳಿಯಲೇಬೇಕು ಎಂದರು. ನಮಗೆ ಬೇಕೆನಿಸುವ ಹಕ್ಕನ್ನು ನಮ್ಮವರಿಗೆ ನಿರಾಕರಿಸಲು ಪ್ರೀತಿಯೊಂದೇ ಸಮರ್ಥನೆಯಾಗಲಾರದು.

ಈ ಮೌನದಿಂದ ಹಿರಿಯರು ಕಳೆದುಕೊಳ್ಳುವುದು ಕಾಲವನ್ನು. ಆರಂಭದ ಹಂತದಲ್ಲಿ ವಿವೇಚನೆ ಬಹುಪಾಲು ಉಳಿದಿರುತ್ತದೆ. ಉಯಿಲು ಬರೆಯಲು ಕಾನೂನು ಸ್ವಸ್ಥಚಿತ್ತವನ್ನು ಬಯಸುತ್ತದೆ. ಪವರ್ ಆಫ್ ಅಟಾರ್ನಿ ಮಾಡಿಟ್ಟರೆ ಸಾಕೆಂದು ಹಲವರು ಭಾವಿಸುತ್ತಾರೆ. ಆದರೆ 1872ರ ಕರಾರು ಕಾಯ್ದೆಯ ಪ್ರಕಾರ, ಅದನ್ನು ಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟೊಡನೆ ಆ ಅಧಿಕಾರ ಕೊನೆಗೊಳ್ಳುತ್ತದೆ. ಮನೆ ಯಾರಿಗೆ, ಮುಂದೆ ತನ್ನನ್ನು ಯಾರು ನೋಡಿಕೊಳ್ಳಬೇಕು, ಯಾವ ಚಿಕಿತ್ಸೆ ಬೇಡ ಎಂಬುದನ್ನು ಹೇಳಬೇಕಾದವರು ವಿಷಯವೇ ತಿಳಿಯದೆ ಆ ಅವಧಿಯನ್ನು ದಾಟಿಬಿಡುತ್ತಾರೆ.

ನಿಯಮಗಳೂ ಈಗ ಒಂದೇ ದನಿಯಲ್ಲಿಲ್ಲ. ವೈದ್ಯರ ವೃತ್ತಿ ನಡತೆ ಕುರಿತ 2002ರ ನಿಯಮಾವಳಿ, ಸ್ಥಿತಿಯ ತೀವ್ರತೆಯನ್ನು ಹಿಗ್ಗಿಸಲೂ ಕುಗ್ಗಿಸಲೂ ಬಾರದೆನ್ನುತ್ತದೆ. ಆದರೆ ಅದನ್ನು ‘ರೋಗಿ, ಬಂಧುಗಳು ಅಥವಾ ಹೊಣೆಯರಿತ ಸ್ನೇಹಿತರು’ ತಿಳಿದಿರಬೇಕು ಎನ್ನುತ್ತದೆ. ಆ ‘ಅಥವಾ’ದ ಮರೆಯಲ್ಲಿ ರೋಗಿಯನ್ನು ಹೊರಗಿಡಲು ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ವಿಷಯದಲ್ಲಿ ಮುಂದಿದೆ. ನೆನಪಿನ ಗಂಭೀರ ದೋಷವನ್ನೂ ತನ್ನ ವ್ಯಾಪ್ತಿಗೆ ತಂದಿರುವ ಈ ಕಾಯ್ದೆ, ಕಾಯಿಲೆಯ ಸ್ವರೂಪವನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವ ಹಕ್ಕನ್ನು ರೋಗಿಗೇ ಕೊಟ್ಟಿದೆ. ತನ್ನ ಪ್ರತಿನಿಧಿಯನ್ನು ತಾನೇ ನೇಮಿಸಿಕೊಳ್ಳಲೂ ಅವಕಾಶ ನೀಡಿದೆ.

ಹಾಗೆಂದು ಸತ್ಯವನ್ನು ಮುಖಕ್ಕೆ ಎರಚಬೇಕೆಂದಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರಬಹುದು, ಅವುಗಳಿಗೆ ಚಿಕಿತ್ಸೆಯಿದೆ. ಇವು ಕಾರಣವಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ‘ನಿಮ್ಮ ಪರೀಕ್ಷೆಯ ಫಲಿತಾಂಶ ನಿಮಗೆ ಎಷ್ಟು ತಿಳಿಯಬೇಕೆನಿಸುತ್ತದೆ?’ ಎಂದು ಮೊದಲು ಕೇಳಬೇಕು. ಬೇಡವೆಂದವರ ಇಚ್ಛೆಯೂ ಗೌರವಾರ್ಹವೇ. ಬೇಕೆಂದವರಿಗೆ ಆಪ್ತರ ಸಮ್ಮುಖದಲ್ಲಿ, ಒಂದೆರಡು ಭೇಟಿಗಳಲ್ಲಿ, ಇನ್ನೂ ಮಾಡಬಹುದಾದ ಕೆಲಸಗಳನ್ನೂ ಸೇರಿಸಿ ತಿಳಿಸಬಹುದು. ಕಾಯಿಲೆ ಬಲಿತು, ಕೇಳಿದ್ದು ಮರುಕ್ಷಣ ಮರೆಯುವ ಹಂತದಲ್ಲಿ ಅದನ್ನೇ ಮತ್ತೆ ಮತ್ತೆ ನೆನಪಿಸುವುದು ಮಾತ್ರ ಕ್ರೌರ್ಯವಾದೀತು.

ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಇಷ್ಟು ವ್ಯವಧಾನ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದುದು. ಆಪ್ತ ಸಮಾಲೋಚಕರು ಆ ಕೊರತೆಯನ್ನು ತುಂಬಬೇಕು. ಮನೆಯವರು ಮಾಡಬಹುದಾದ ಕೆಲಸವೂ ಒಂದಿದೆ. ‘ಮುಂದೊಂದು ದಿನ ಇಂಥ ಕಾಯಿಲೆ ಬಂದರೆ ನಿಮಗೆ ಹೇಳಬೇಕೇ?’ ಎಂದು ತಂದೆ ತಾಯಿಯನ್ನು, ಅವರು ಆರೋಗ್ಯವಾಗಿರುವಾಗಲೇ, ಕೇಳಿಟ್ಟುಕೊಳ್ಳಬಹುದು. ಆಗ ವೈದ್ಯರ ಕೊಠಡಿಯಲ್ಲಿ ಹಿಂದೆ ಉಳಿದು ಗುಟ್ಟು ಕೋರುವ ಪ್ರಸಂಗ ಬಾರದು.